ಶೇಂಗಾ ಎಣ್ಣೆಯ ಬೆಂಚು

ದುಂಡಸಿಯ ವೀರವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಂದಷ್ಟೇ ಬೇಗ ಇಳಿದೂ ಹೋಗುತ್ತಿತ್ತು, ಅದು ಬೇರೆ ಮಾತು. ಹಾನಗಲ್ಲಿನಲ್ಲಿದ್ದ ಅವಳ ಅಣ್ಣ ಅಜ್ಜಪ್ಪನ ಸಿಟ್ಟು ಹಾಗಲ್ಲ. ಬರುವುದೇ ಅಪರೂಪ, ಬಂದರೆ ಗಂಟುಮೂಟೆ ಸಮೇತ ಬಂದು ಬಿಡಾರ ಹೂಡಿಬಿಡುವಂಥದ್ದು. ಇಬ್ಬರೂ ಹುಟ್ಟಿದ್ದು ಒಂದೇ ಗಾಣದ ಮನೆಯಲ್ಲಿ. ಅವರ ಅಪ್ಪನಿಗೆ ಮಾತ್ರ ಸಿಟ್ಟೆಂಬುದೇ ಗೊತ್ತಿರಲಿಲ್ಲ. ಗಾಣದ ಪಕ್ಕದಲ್ಲಿ ಒಂದು ಮತ್ತಿ ಮರದ ಬೆಂಚು ಹಾಕಿಕೊಂಡು, ಎತ್ತು ಸುತ್ತುವುದನ್ನು ನೋಡುತ್ತ, ಎಲೆಯಡಿಕೆ ಜಗಿಯುತ್ತ ಆತ ತನ್ನ ಕಾಲವನ್ನೆಲ್ಲ ಸುಖವಾಗಿ ಕಳೆದ.

ಅಣ್ಣ ತಂಗಿಯರ ಜಗಳ ಹತ್ತಿದ್ದು ಆ ಬೆಂಚಿನ ಸಲುವಾಗಿಯೇ. ಅಪ್ಪ ಹೋದ ಮೇಲೆ ಒಮ್ಮೆ ವೀರವ್ವ ತವರಿಗೆ ಹೋದಾಗ, ಕಾಲು ಮುರಿದ ಬೆಂಚು ಹಿತ್ತಿಲಲ್ಲಿ ಕಟ್ಟಿಗೆ ರಾಶಿಯ ಪಕ್ಕದಲ್ಲಿ ಬಿದ್ದಿತ್ತು. ಅದನ್ನು ಕಂಡದ್ದೇ ತಡ, ಇವಳು ನಾಲ್ಕು ಮಂದಿ ಗಿರಾಕಿಗಳ ಎದುರಿಗೇ ಬಾಯಿ ಬಿಟ್ಟಳು.

"ಅಪ್ಪನ ಬೆಂಚ ಒಲಿಗೆ ಹಾಕಾಕ ನಿಂತೀಯೇನೋ ಅಣ್ಣಾ? ನಾಚಿಕಿ ಬರೂದಿಲ್ಲೇನು ನಿನಗ?"

ಅಜ್ಜಪ್ಪ ಬೆಂಚನ್ನು ತಾನೇ ಹೊತ್ತು ತಂದು ತಂಗಿಯ ಚಕ್ಕಡಿಯಲ್ಲಿ ಇಟ್ಟು, "ನೀನ ಒಯ್ಯಿ" ಎಂದವನು ಗಾಣದ ಕೋಣೆ ಹೊಕ್ಕುಬಿಟ್ಟ. ಪಾಪ, ಕಾಲು ಕೂಡಿಸುವ ಮುಂಚೆ ಹಲಗೆ ಬಿಸಿಲುಂಡು ಒಣಗಲಿ ಎಂದು ಅವನು ಹೊರಗೆ ಇಟ್ಟಿದ್ದನಂತೆ. ಅತ್ತಿಗೆ ಇದನ್ನು ಹೇಳಿದ್ದು ಮರುವರ್ಷ. ಅಷ್ಟು ಹೊತ್ತಿಗೆ ವೀರವ್ವನ ಸಿಟ್ಟು ಇಳಿದು ಎಷ್ಟೋ ತಿಂಗಳಾಗಿತ್ತು. ತಪ್ಪಾಯಿತು ಎನ್ನುವ ಮಾತು ಮಾತ್ರ ಗಂಟಲಿನವರೆಗೆ ಬಂದು ಅಲ್ಲೇ ಕುಳಿತುಬಿಡುತ್ತಿತ್ತು.

ಪಂಚಮಿ ಹಬ್ಬಕ್ಕೆ ತಂಗಿಯನ್ನು ಕರೆಯಲು ಅಣ್ಣ ಬರಲೇಬೇಕು. ಅಜ್ಜಪ್ಪ ಬರುತ್ತಿದ್ದ. ಆದರೆ ಬೀದಿಯ ಬೇವಿನ ಗಿಡದ ಕೆಳಗೇ ನಿಂತು, "ವೀರವ್ವಾ, ಪಂಚಮಿಗೆ ಬಾ" ಎಂದು ಕೂಗಿ, ಮನೆಯ ಕಟ್ಟೆ ಹತ್ತದೆ, ನೀರೂ ಮುಟ್ಟದೆ, ಬಂದ ಬಸ್ಸಿಗೇ ತಿರುಗಿ ಹೋಗುತ್ತಿದ್ದ. ಹೀಗೆ ಮೂರು ಪಂಚಮಿ ಕಳೆದವು. ಇದರ ಜೊತೆಗೆ ಇನ್ನೊಂದು ನಿಂತುಹೋಗಿತ್ತು. ಮೊದಲೆಲ್ಲ ಬೇಸಿಗೆಯಲ್ಲಿ ಹಾನಗಲ್ಲಿನಿಂದ ಒಂದು ಡಬ್ಬಿ ಅಗಸೆ ಎಣ್ಣೆ ಬರುತ್ತಿತ್ತು. ವೀರವ್ವ ಅದನ್ನು ಕಾಯಿಸಿ, ಕಾವಿ ಕಲಸಿ, ತಲಬಾಗಿಲಿಗೆ, ಕಿಟಕಿಗಳಿಗೆ, ಕಟ್ಟೆಯ ಕಂಬಗಳಿಗೆ ಅರಿವೆಯಿಂದ ತಿಕ್ಕಿ ತಿಕ್ಕಿ ಹಚ್ಚುತ್ತಿದ್ದಳು. ಎರಡು ದಿನ ಬಿಸಿಲುಂಡರೆ ಸಾಕು, ಮರ ಕೆಂಪಗೆ ಗಟ್ಟಿಯಾಗಿ, ಇಡೀ ಮಳೆಗಾಲ ನೀರು ಕುಡಿಯದೆ ನಿಲ್ಲುತ್ತಿತ್ತು.

ಜಗಳವಾದ ಮೇಲೆ ಅಣ್ಣ ಎಣ್ಣೆ ಕಳಿಸಲಿಲ್ಲ, ಇವಳು ಕೇಳಲಿಲ್ಲ. ತವರಿನ ಗಾಣ ಬಿಟ್ಟು ಬೇರೆಯವರ ಎಣ್ಣೆ ಈ ಮನೆಯ ಮರಕ್ಕೆ ಮುಟ್ಟಕೂಡದು ಎಂದು ಹಟ ಬೇರೆ ಹಿಡಿದಳು. ಪರಿಣಾಮ ಏನಾಯಿತೆಂದರೆ, ಬಾಗಿಲು ಬಿಳಿಚಿಕೊಂಡಿತು, ಕಂಬಗಳು ಸೀಳು ಬಿಟ್ಟವು. ಕಾಲು ಕೂಡಿಸಿ ಕಟ್ಟೆಯ ಮೇಲೆ ಹಾಕಿದ್ದ ಅಪ್ಪನ ಬೆಂಚಂತೂ ಮಳೆಯ ಇರಚಲು ಕುಡಿದು ಕುಡಿದು ಬೂದಿ ಬಣ್ಣಕ್ಕೆ ತಿರುಗಿತ್ತು.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು. ಶ್ರಾವಣ ಹತ್ತಿರ ಬಂದಿತ್ತು. ಊರೂರು ತಿರುಗುವ ಬಳೆಗಾರ ಅಕ್ಬರಸಾಬ ವೀರವ್ವನ ಕೈಗೆ ಹಸಿರು ಬಳೆ ಏರಿಸುತ್ತ ಸುದ್ದಿ ತೆಗೆದ.

"ಹಾನಗಲ್ಲಿಗೆ ಹೋಗಿದ್ದೆರಿ ಅಕ್ಕಾರ. ನಿಮ್ಮ ಅಣ್ಣಾರು ಪಂಚಮಿಗೆ ಕರಿಯಾಕ ಬರ್ತಾರಂತ. ಮುಂದಿನ ವರ್ಷದಿಂದ ಮಗನ್ನ ಕಳಸ್ತಾರಂತ್ರಿ. ತಾವು ಬರೂದು ಇದ ಕಡೀದಂತ."

ವೀರವ್ವನ ಕೈ ಬಿಗಿಯಿತು.

"ಸಡಿಲ ಬಿಡ್ರೀ ಅಕ್ಕಾರ, ಬಳಿ ಒಡಿತಾವ!"

ಅವಳ ಕಿವಿಗೆ ಬಳೆಯ ಮಾತು ಬೀಳಲೇ ಇಲ್ಲ. ಈ ಸಲ ಅಣ್ಣ ಕಟ್ಟೆ ಹತ್ತದಿದ್ದರೆ ಇನ್ನು ಹತ್ತುವುದಿಲ್ಲ. ಅವಳಿಗೆ ಬೇಕಾದದ್ದು ಇಷ್ಟೇ: ಅಣ್ಣ ಅಪ್ಪನ ಬೆಂಚಿನ ಮೇಲೆ ಕುಳಿತು ತಂಗಿಯ ಕೈಯಿಂದ ಒಂದು ಹಬ್ಬದ ಉಂಡಿ ತಿನ್ನಬೇಕು. ಅಕ್ಬರಸಾಬ ಹೋದ ಮೇಲೆ ಬೆಂಚಿನ ಕಡೆ ನೋಡಿದಳು. ನೋಡಿ ನಾಚಿಕೆಯಾಯಿತು. ಅಣ್ಣ ಒಲೆಗೆ ಹಾಕುತ್ತಾನೆ ಎಂದು ಕೂಗಾಡಿ ತಂದವಳು ತಾನು. ಈಗ ನೋಡಿದರೆ ಒಲೆಯೂ ಬೇಡವೆನ್ನುವ ಹಾಗೆ ಮಾಡಿಟ್ಟಿದ್ದೇನಲ್ಲ!

ಸಂಜೆ ಗಂಡ ನಾಗಪ್ಪನ ಮುಂದೆ ಮಾತು ತೆಗೆದಳು. ನಾಗಪ್ಪ ಯಾವುದನ್ನೂ ತಲೆಗೆ ಹಚ್ಚಿಕೊಳ್ಳುವ ಆಸಾಮಿಯಲ್ಲ.

"ಅದಕ್ಕೇನಾತು? ನಾಳೆ ಶಿಗ್ಗಾವಿಗೆ ಹೊಂಟೇನಿ. ಒಂದು ಡಬ್ಬಿ ಅಗಸಿ ಎಣ್ಣಿ ತರ್ತೇನಿ."

"ಕಂಡೋರ ಗಾಣದ ಎಣ್ಣಿ ನಮ್ಮಪ್ಪನ ಬೆಂಚಿಗೆ ಹಚ್ಚಾಂಗಿಲ್ರಿ."

"ಹಂಗಾರ ಹಾನಗಲ್ಲಿಗೇ ಹೋಗಿ ನಿಮ್ಮಣ್ಣನ್ನ ಕೇಳ್ತೇನಿ."

"ಕೇಳಿದ್ರ ನನ್ನ ಮರ್ಯಾದಿ ಏನ್ ಉಳಿತೈತಿ?"

"ಹಂಗಾರ ಉಗುಳು ಹಚ್ಚಿ ತಿಕ್ಕು" ಎಂದು ನಾಗಪ್ಪ ನಶ್ಯದ ಡಬ್ಬಿ ತೆಗೆದ.

ವೀರವ್ವ ಮುಖ ಊದಿಸಿಕೊಂಡು ಒಳಗೆ ಹೋದಳು. ಅಲ್ಲಿ ಮೂಲೆಯಲ್ಲಿ ಅಡುಗೆಯ ಶೇಂಗಾ ಎಣ್ಣೆಯ ಡಬ್ಬಿ ಕಂಡಿತು. ಹೊಲದ ಶೇಂಗಾವನ್ನು ನಾಗಪ್ಪ ಎಣ್ಣೆ ತೆಗೆಸಿಕೊಂಡು ಬರುತ್ತಿದ್ದದ್ದು ಹಾನಗಲ್ಲಿನ ಅಜ್ಜಪ್ಪನ ಗಾಣದಲ್ಲಿಯೇ. ಜಗಳ ಅಣ್ಣ ತಂಗಿಯರದು. ಗಂಡಸರು ಗಾಣದ ಮುಂದೆ ಕುಳಿತು ಚಹಾ ಕುಡಿದು ಬರುತ್ತಿದ್ದರು. ಇದು ವೀರವ್ವನಿಗೆ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರುತ್ತಿದ್ದಳು. ಈಗ ಡಬ್ಬಿಯ ಮುಂದೆ ನಿಂತು ಲೆಕ್ಕ ಹಾಕಿದಳು. ಅದೇ ಗಾಣ, ಅದೇ ಎತ್ತು, ಅದೇ ಅಣ್ಣ. ಅಂದ ಮೇಲೆ ಇದೂ ತವರಿನ ಎಣ್ಣೆಯೇ ತಾನೇ? ಗಾಣದ ಮನೆಯಲ್ಲಿ ಹುಟ್ಟಿದವಳು ಎಣ್ಣೆ ಯಾವ ಕಾಳಿನದು ಎಂದು ನೋಡುವುದು ಬಿಟ್ಟು ಯಾರ ಗಾಣದ್ದು ಎಂದು ನೋಡಿದಳು. ಮನಸ್ಸಿನ ಒಂದು ಮೂಲೆ 'ಶೇಂಗಾ ಎಣ್ಣಿ ಒಣಗೂದಿಲ್ಲವ್ವಾ' ಎಂದಿತು. ಚೆನ್ನಾಗಿ ಕುದಿಸಿದರೆ ಒಣಗದೆ ಎಲ್ಲಿಗೆ ಹೋದೀತು ಎಂದು ಅದರ ಬಾಯಿ ಮುಚ್ಚಿಸಿದಳು.

ಕೆಲಸವನ್ನು ಮಾತ್ರ ಅಚ್ಚುಕಟ್ಟಾಗಿ ಮಾಡಿದಳು. ಇಟ್ಟಂಗಿ ಪುಡಿಯಿಂದ ಬೆಂಚು ತಿಕ್ಕಿ ಬೂದಿ ಬಣ್ಣ ಕಿತ್ತಳು. ಮಳೆ ಬಿಡುವು ಕೊಟ್ಟ ಎರಡು ದಿನ ಬಿಸಿಲಿಗೆ ಇಟ್ಟು, ಎಣ್ಣೆ ಕುದಿಸಿ, ಜರಡಿ ಹಿಡಿದ ಕಾವಿ ಕಲಸಿ, ಅರಿವೆ ಅದ್ದಿ ಹಚ್ಚಿದಳು. ಉಳಿದದ್ದನ್ನು ಕಂಬಗಳಿಗೂ ಬಳಿದಳು. ಆಹಾ, ಏನು ಹೊಳಪು! ಅಗಸೆ ಎಣ್ಣೆ ಹಚ್ಚಿದಾಗಲೂ ಹೀಗೆ ಹೊಳೆದಿರಲಿಲ್ಲ. ವೀರವ್ವ ಸೊಂಟದ ಮೇಲೆ ಕೈಯಿಟ್ಟು ಬೀದಿಗೆ ಇಳಿದು ನೋಡಿದಳು, ಮತ್ತೆ ಕಟ್ಟೆ ಹತ್ತಿ ನೋಡಿದಳು.

ಮರುದಿನ ಬೆರಳಿಟ್ಟಳು, ಅಂಟಿತು. ಅದರ ಮರುದಿನವೂ ಅಂಟಿತು. ಶ್ರಾವಣದ ತಂಪಿಗೆ ಹೀಗಾಗಿದೆ ಎಂದು ಮಳೆರಾಯನನ್ನು ಬೈದು, ಬೆಂಚಿನ ಕೆಳಗೆ ಬೋಗುಣಿಯಲ್ಲಿ ಕೆಂಡ ಇಟ್ಟಳು. ಎಣ್ಣೆ ಬೆಚ್ಚಗಾಗಿ ಇನ್ನಷ್ಟು ಸಡಿಲಾಯಿತು. ಮನೆಯ ಕೋಳಿಯೊಂದು ಹಾರಿ ಕುಳಿತು, ಬಿಡಿಸಿಕೊಂಡು ಓಡುವಾಗ ಪುಕ್ಕ ಅಲ್ಲೇ ಬಿಟ್ಟು ಹೋಯಿತು. ಪಕ್ಕದ ಮನೆಯ ಅಡಿವೆವ್ವ, ಊರಿನ ಸುದ್ದಿಯೆಲ್ಲ ಹೊತ್ತು ತಿರುಗುವವಳು, ಮಾತಿನ ಭರದಲ್ಲಿ ಬೆಂಚಿನ ಮೇಲೆ ಕುಂಡಿ ಊರಿಯೇಬಿಟ್ಟಳು. ಎದ್ದಾಗ ಬಿಳಿ ಸೀರೆಯ ಹಿಂದೆ ದೊಡ್ಡದೊಂದು ಕೆಂಪು ಸೂರ್ಯ ಮೂಡಿತ್ತು.

"ಏನ್ ಹಚ್ಚೀಯ ಬೇ ಇದಕ್ಕ?" ಎಂದು ಅಡಿವೆವ್ವ ಹಿಂದೆ ತಿರುಗಿ ತಿರುಗಿ ನೋಡಿಕೊಂಡಳು. "ವಾಸನಿ ನೋಡಿದ್ರ ಮಿರ್ಚಿ ಕರದಂಗ ಐತಿ!"

ವೀರವ್ವ ಅವಳಿಗೆ ಹಬ್ಬಕ್ಕೆ ಮಾಡಿದ ಒಂದು ಹಿಡಿ ಅಳ್ಳಿಟ್ಟು ಕೊಟ್ಟು ಬಾಯಿ ಮುಚ್ಚಿಸಿ ಕಳಿಸಿದಳು. ನಾಗಪ್ಪ ಕಂಬಕ್ಕೆ ಒರಗಿ ತನ್ನ ಅಂಗಿ ಕೆಡಿಸಿಕೊಂಡ ಮೇಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಅವನು ನಕ್ಕಷ್ಟೂ ಅವಳಿಗೆ ಅಳು ಬಂತು. ಹಬ್ಬ ಬಾಗಿಲಿಗೆ ಬಂದಿತ್ತು. ಒರೆಸಿ ತೆಗೆದರೆ ಬೆಂಚು ಕಲೆ ಕಲೆಯಾಗಿ ಇನ್ನೂ ಅಸಹ್ಯ ಕಾಣುತ್ತಿತ್ತು. ಜಮಖಾನ ಹಾಸಿದರೆ ಜಮಖಾನವೇ ಅಂಟುತ್ತಿತ್ತು.

ಅಣ್ಣ ಬರುವ ದಿನ ಮುಂಜಾನೆಯಿಂದ ವೀರವ್ವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದಳು. ಶಿಗ್ಗಾವಿಯ ಬಸ್ಸು ಬಂದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಜ್ಜಪ್ಪ ಬೀದಿಯ ತಿರುವಿನಲ್ಲಿ ಕಾಣಿಸಿದ. ಶುಭ್ರ ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ತಲೆಗೆ ರುಮಾಲು, ಬಗಲಲ್ಲಿ ಕೊಡೆ. ಬೇವಿನ ಗಿಡದ ಕೆಳಗೆ ಬಂದು ಎಂದಿನಂತೆ ನಿಂತ. ಬಾಯಿ ತೆರೆದ. ಆದರೆ ಕರೆಯುವ ಮಾತು ಹೊರಬೀಳಲಿಲ್ಲ. ಅವನ ಕಣ್ಣು ಕಟ್ಟೆಯ ಮೇಲೆ ಕೆಂಪಗೆ ಹೊಳೆಯುವ ಬೆಂಚಿನ ಮೇಲೆ ನೆಟ್ಟಿತ್ತು.

ಅಜ್ಜಪ್ಪ ಒಂದು ಹೆಜ್ಜೆ ಮುಂದಿಟ್ಟ. ಚಪ್ಪಲಿ ಬಿಟ್ಟ. ಕಟ್ಟೆಯ ಮೆಟ್ಟಿಲು ಹತ್ತಿದ.

ಮೂರು ವರ್ಷದಿಂದ ಕಾಯ್ದ ಗಳಿಗೆ ಇದು. ವೀರವ್ವ ಓಡಿ ಬಂದು ಬೆಂಚಿಗೆ ಅಡ್ಡ ನಿಂತು, ಎರಡೂ ಕೈ ಅಗಲಿಸಿ, ಇಡೀ ಓಣಿಗೆ ಕೇಳುವಂತೆ ಚೀರಿದಳು.

"ಕುಂದರಬ್ಯಾಡೋ ಅಣ್ಣಾ!"

ಅಜ್ಜಪ್ಪ ನಿಂತಲ್ಲೇ ನಿಂತ. ಓಣಿಯ ಬಾಗಿಲುಗಳಲ್ಲಿ ಮುಖಗಳು ಮೂಡಿದವು. ಅಡಿವೆವ್ವನ ಮುಖ ಎಲ್ಲಕ್ಕಿಂತ ಮುಂದಿತ್ತು.

"ಕುಂದರಬ್ಯಾಡ ಅಂದೀಯೇನು?" ಎಂದ ಅಜ್ಜಪ್ಪ, ಮೆಲ್ಲಗೆ.

"ಹಂಗಲ್ಲೋ ಅಣ್ಣಾ... ಅದು..." ಗಾಣದ ಮನೆಯ ಮಗಳು ಬೆಂಚಿಗೆ ಶೇಂಗಾ ಎಣ್ಣೆ ಹಚ್ಚಿದ್ದೇನೆ ಎಂದು ಯಾವ ಬಾಯಿಯಿಂದ ಹೇಳಬೇಕು? "ಒಳಗ ಬಾ. ಚಾಪಿ ಹಾಸ್ತೇನಿ."

"ಇದು ಅಪ್ಪನ ಬೆಂಚ ಹೌದಲ್ಲೋ?"

"ಹೌದು."

"ಹಂಗಾರ ಆಚೆ ಸರಿ."

ತಂಗಿಯ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿ, ಅಜ್ಜಪ್ಪ ಧೋತರವನ್ನೂ ಎತ್ತಿಕೊಳ್ಳದೆ ಬೆಂಚಿನ ನಡುವೆ ಗಟ್ಟಿಯಾಗಿ ಕುಳಿತ. ವೀರವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಒಳಗಿನಿಂದ ಬಂದ ನಾಗಪ್ಪ ನೋಡಿ ಹೌಹಾರಿದ.

"ಭಾವನವರ, ಧೋತರಾ! ಏಳ್ರಿ, ಲಗೂನ ಏಳ್ರಿ!"

"ಯಾಕ ಏಳಲಿ? ಈಗರ ಕುಂತೇನಿ" ಎಂದು ಅಜ್ಜಪ್ಪ ಕೊಡೆಯನ್ನು ಪಕ್ಕದಲ್ಲಿ ಇಟ್ಟ. ಕೊಡೆಯೂ ಅಂಟಿಕೊಂಡಿತು. "ನೀರ ಕೊಡ್ತೀಯೋ ಇಲ್ಲೋ, ವೀರವ್ವಾ?"

ಅವಳು ತಂಬಿಗೆಯಲ್ಲಿ ನೀರು ತಂದಳು, ತಟ್ಟೆಯ ತುಂಬ ಉಂಡಿ ತಂದಳು. ಅಜ್ಜಪ್ಪ ಎಳ್ಳುಂಡಿ ತಿಂದ, ಶೇಂಗಾ ಉಂಡಿ ತಿಂದ. ಮಳೆಯ ಸುದ್ದಿ ಮಾತಾಡಿದ, ಎತ್ತಿನ ಸುದ್ದಿ ಮಾತಾಡಿದ. ತಿರುಗಿ ಹೋಗುವ ಬಸ್ಸು ಭೋಂ ಎಂದು ಕೂಗಿ ಹೊರಟುಹೋಯಿತು. ಅವನು ತಲೆಯನ್ನೂ ಎತ್ತಲಿಲ್ಲ. ವೀರವ್ವನಿಗೆ ಸಂತೋಷದಲ್ಲಿ ಏನು ಮಾಡಬೇಕೋ ತಿಳಿಯದೆ, ಖಾಲಿಯಾಗದ ತಂಬಿಗೆಗೇ ಮತ್ತೆ ಮತ್ತೆ ನೀರು ತುಂಬಿದಳು.

ಸಂಜೆಯ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ.

"ಅಣ್ಣಾ, ನಿನ್ನ ಧೋತರ ಹಾಳಾತೋ. ಬೆಂಚಿಗೆ ಶೇಂಗಾ ಎಣ್ಣಿ ಹಚ್ಚೇನಿ. ನಿನ್ನ ಗಾಣದ್ದ ಐತಿ ಅಂತ ಹಚ್ಚಿಬಿಟ್ಟೆ."

"ಗೊತ್ತೈತಿ."

"ಯಾರು ಹೇಳಿದ್ರು?"

"ಮೂಗು ಹೇಳಿತು. ಬೇವಿನ ಗಿಡದ ಕೆಳಗ ನಿಂತಾಗನ ವಾಸನಿ ಬಡೀತು. ನಾ ಗಾಣಾ ಹೊಡ್ಯಾಂವ ಅದೇನಿ ತಂಗಿ, ಶೇಂಗಾ ಯಾವುದು ಅಗಸಿ ಯಾವುದು ತಿಳಿಯೂದಿಲ್ಲೇನು?"

"ತಿಳಿದೂ ತಿಳಿದೂ ಯಾಕ ಕುಂತಿ ಮತ್ತ?"

ಅಜ್ಜಪ್ಪ ಬೆಂಚಿನ ಅಂಚನ್ನು ಸವರಿದ. ಅಂಗೈ ಕೆಂಪಾಯಿತು. ಅಪ್ಪ ಇದೇ ಅಂಚಿನ ಮೇಲೆ ಸುಣ್ಣದ ಬೆರಳು ಒರೆಸಿಕೊಳ್ಳುತ್ತಿದ್ದ.

"ಒಣಗಿದ ಬೆಂಚ ಆಗಿದ್ರ ಕುಂತಂಗ ಮಾಡಿ ಎದ್ದು ಹೋಗಿಬಿಡತಿದ್ದೆ. ಬಸ್ಸಿನ ಹೊತ್ತಾತು, ಕೆಲಸ ಐತಿ ಅಂತ ಏನರ ಹೇಳತಿದ್ದೆ. ಮೂರು ವರ್ಷ ಅದನ್ನ ಮಾಡೇನಿ ನಾ. ಇದರ ಮ್ಯಾಲ ಕುಂತ್ರ ಇದು ಬಿಡೂದಿಲ್ಲ ಅಂತ ಗೊತ್ತಿತ್ತು. ಅದಕ್ಕ ಕುಂತೆ."

ವೀರವ್ವನ ಗಂಟಲಲ್ಲಿ ಮೂರು ವರ್ಷದಿಂದ ಕುಳಿತಿದ್ದ ಮಾತು ಆಗ ಹೊರಬಂತು.

"ನಾ ಹಂಗ ಅನ್ನಬಾರದಿತ್ತೋ ಅಣ್ಣಾ."

"ಅಂದದ್ದು ಆತು. ಹಬ್ಬಾ ಮುಗಿಸಿ ಹಾನಗಲ್ಲಿಂದ ತಿರುಗಿ ಬರುವಾಗ ಒಂದು ಡಬ್ಬಿ ಅಗಸಿ ಎಣ್ಣಿ ಒಯ್ಯಿ. ಮೊದಲ ಸವಳು ಮಣ್ಣು ಹಾಕಿ ಈ ರಾಡಿ ತೊಳಿ, ಆಮ್ಯಾಲ ಹಚ್ಚು. ಮುಂದಿನ ವರ್ಷದ ಎಣ್ಣಿ ನನ್ನ ಮಗನ ಕೈಲೆ ಕಳಸ್ತೇನಿ."

"ಮಗನ್ನ ಕಳಿಸಿದ್ರ ಡಬ್ಬಿ ತಿರುಗಿ ಕಳಸ್ತೇನಿ, ನೆನಪಿರಲಿ! ನೀನ ಹೊತಗೊಂಡು ಬರಬೇಕು."

"ಸಿಟ್ಟು ನೋಡ್ರಿ ಇದರದು" ಎಂದ ಅಜ್ಜಪ್ಪ, ನಾಗಪ್ಪನ ಕಡೆ ತಿರುಗಿ. "ಬರ್ತೇನಿ ತಗೋ ತಂಗಿ. ನೀವೊಂದು ಧೋತರ ತರ್ರಿ ಮೊದಲ. ಇದನ್ನ ಬೆಂಚಿಗೇ ಬಿಟ್ಟು ಏಳ್ತೇನಿ."

ನಾಗಪ್ಪ ನಗುತ್ತ ಒಳಗೆ ಹೋದ. ವೀರವ್ವ ಕಣ್ಣೀರು ಅಣ್ಣನಿಗೆ ಕಾಣಬಾರದೆಂದು ಕಂಬದ ಕಡೆ ಮುಖ ತಿರುಗಿಸಿ ನಿಂತಳು. ಮೂಗು ಸೊರ್ ಎಂದು ಏರಿಸಿ, ಕಣ್ಣು ಒರೆಸಿಕೊಳ್ಳಲು ಸೆರಗು ಎಳೆದರೆ ಸೆರಗು ಬರಲಿಲ್ಲ. ಮತ್ತೆ ಜಗ್ಗಿದಳು. ಕಂಬ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಹಿಂದೆ ಬೆಂಚಿನ ಮೇಲಿಂದ ಅಣ್ಣ ನಗುವುದು ಕೇಳಿಸಿತು. ಅವಳೂ ಕಂಬಕ್ಕೆ ಅಂಟಿಕೊಂಡೇ ನಗತೊಡಗಿದಳು.