ತೊಡೆಯ ಗಂಟು ಮತ್ತು ಡಾಕ್ಟರ್ ಚೆನ್ನಕೇಶವನ್

ಗೊತ್ತಿಲ್ಲವೆನ್ನುವಾಗ ಸಾಮಾನ್ಯವಾಗಿ ಮನುಷ್ಯರ ದನಿ ಇಳಿಯುತ್ತದೆ; ಡಾಕ್ಟರ್ ಚೆನ್ನಕೇಶವನ್ ಅವರದು ಏರುತ್ತಿತ್ತು. ಕೊಯಮತ್ತೂರಿನ ಆಸ್ಪತ್ರೆಯೊಂದರಲ್ಲಿ ಸೂಕ್ಷ್ಮದರ್ಶಕದ ಮುಂದೆ ಆಯುಷ್ಯ ಸವೆಸಿದ, ಮನೆಯಲ್ಲಿ ಕನ್ನಡವಾಡುವ ನೇಕಾರ ಮನೆತನದ ಈ ಕೃಶಕಾಯರು ಚಿತ್ತಿರೈ ತಿಂಗಳ ಬಿಸಿಲಲ್ಲೂ ಕಂದು ಸ್ವೆಟರ್ ತೊಟ್ಟು, ಎಡಭುಜ ಮುಂದುಮಾಡಿ, ತುಂಬಿದ ಬಸ್ಸಿನೊಳಗೆ ದಾರಿ ಬಿಡಿಸಿಕೊಳ್ಳುವವರಂತೆ ಖಾಲಿ ಮೊಗಸಾಲೆಯಲ್ಲೂ ನಡೆಯುತ್ತಿದ್ದರು.

ಸಾವಿರದ ಒಂಬೈನೂರ ಎಂಬತ್ತನಾಲ್ಕರ ಸುಮಾರಿಗೆ, ಹತ್ತಿರದ ಅವಿನಾಶಿ ಊರಿನ ಬೆಳ್ಳಿಯಮ್ಮನ ತೊಡೆಯಲ್ಲಿ, ಚರ್ಮದ ಅಡಿಯಲ್ಲೇ ಬೆಳೆದಿದ್ದ ಗಂಟಿನ ತುಣುಕು ಅವರ ಮುಂದೆ ಬಂತು. ಇಣುಕಿದವರು ಬೆಚ್ಚಿದರು. ಕೋಶಕೇಂದ್ರಗಳು ದೈತ್ಯಾಕಾರದವು, ವಿಕಾರವಾದವು. ಕಂಡೊಡನೆ ಕ್ಯಾನ್ಸರ್ ಎನ್ನಬೇಕು. ಆದರೆ ಅಂಥ ಉಗ್ರ ಕ್ಯಾನ್ಸರಿನಲ್ಲಿ ಕೋಶಗಳು ಹುಚ್ಚೆದ್ದು ಒಡೆದು ಇಮ್ಮಡಿಯಾಗುತ್ತಿರಬೇಕು. ಇಲ್ಲಿ ತುಣುಕು ಅಂಟಿಸಿದ ಗಾಜನ್ನು ಎತ್ತ ಸರಿಸಿದರೂ ಒಡೆಯುತ್ತಿರುವ ಕೋಶ ಕಾಣದು. ಮುಖ ಕೊಲೆಗಡುಕನದು, ನಡತೆ ಸಾಧುವಿನದು. ಬೆಳಿಗ್ಗೆ ಕ್ಯಾನ್ಸರೇ ಎಂದು ನಿಶ್ಚಯಿಸಿದವರಿಗೆ ಊಟ ಮುಗಿಸಿ ಬಂದು ನೋಡಿದರೆ ಅಲ್ಲವೆನಿಸುತ್ತಿತ್ತು. ಮದರಾಸಿನ ಗುರುಗಳಿಗೆ ಗಾಜು ಕಳಿಸಿದರೆ, ಅವರೂ ಎರಡು ಹೆಸರು ಬರೆದು ಎರಡರ ಮುಂದೆಯೂ ಪ್ರಶ್ನೆಚಿಹ್ನೆ ಇಟ್ಟರು.

ಶಸ್ತ್ರವೈದ್ಯ ರಾಮಲಿಂಗಂ ಕಾಲನ್ನೇ ತೆಗೆಯಲು ಸಿದ್ಧರಾಗಿದ್ದರು. "ಕ್ಯಾನ್ಸರಾ, ಇಲ್ಲೆಯಾ? ಸೊಲ್ಲುಂಗ ಸಾರ್" ಎಂದು, ಹೌದೋ ಅಲ್ಲವೋ, ಒಂದೇ ಮಾತಿನ ಉತ್ತರ ಕೇಳಿದರು.

"ಎನಕ್ಕು ತೆರಿಯಲೆ!" ತಮಗೆ ತಿಳಿಯದೆಂಬ ಚೆನ್ನಕೇಶವನ್ ಅವರ ಆ ಕೂಗು ಹೊರಗೆ ಬೆಂಚಿನಲ್ಲಿ ಕುಳಿತಿದ್ದ ಬೆಳ್ಳಿಯಮ್ಮನಿಗೂ ಕೇಳಿಸಿತು. ಡಾಕ್ಟರು ತಮ್ಮವರೇ ಎಂದು ಆಕೆಗೆ ಯಾರೋ ಹೇಳಿದ್ದರು; ಎದ್ದು ಬಾಗಿಲಿಗೆ ಬಂದಳು.

"ಡಾಕ್ಟ್ರಣ್ಣಾ, ಗುಂಡಿ ಮಗ್ಗ ತುಳಿಯಕ್ಕೆ ಕಾಲು ಬೇಕಲ್ಲಾ. ನಿಮಗೇ ತೆರಿಯಾದು ಅಂದ್ರೆ ನಾ ಯಾರ್ನ ಕೇಳ್ಲಿ?"

ಚೆನ್ನಕೇಶವನ್ ಸ್ವೆಟರಿನ ಗುಂಡಿ ತಿರುವುತ್ತ ನಿಂತರು. ಕಾಲು ಉಳಿಸಿ ಜೀವ ಹೋದರೆ? ಕಾಲು ತೆಗೆಸಿ, ಅದು ಕ್ಯಾನ್ಸರೇ ಅಲ್ಲದಿದ್ದರೆ?

"ಗೊತ್ತಿಲ್ದೆ ಕಾಲು ತೆಗ್ಯಕ್ಕೆ ನಾ ಬುಡಲ್ಲಕ್ಕಾ. ಗಂಟ್ನ ಸುತ್ತ ಇರೋ ಒಳ್ಳೇ ಮಾಂಸನೂ ಸೇರ್ಸಿ ತೆಗೀಲಿ. ಆಮೇಲೆ ಬಂದ್ ಬಂದ್ ತೋರ್ಸು. ತಪ್ಪಾದ್ರೆ ಅದು ನಂದು."

ರಾಮಲಿಂಗಂ ಗೊಣಗಿದರು, ಆದರೆ ಹಾಗೆಯೇ ಮಾಡಿದರು. ಅಂದಿನಿಂದ, ರೋಗಿಗಳ ಮುಖವನ್ನೇ ನೋಡದೆ ಬದುಕಿದ್ದ ಚೆನ್ನಕೇಶವನ್, ಬೆಳ್ಳಿಯಮ್ಮ ಬಂದಾಗಲೆಲ್ಲ ಎದ್ದುಹೋಗಿ ಗಾಯದ ಕಲೆಯನ್ನು ಹೆದರಿಕೆಯಿಂದ ಒತ್ತಿ ನೋಡುತ್ತಿದ್ದರು. ಗಂಟು ಮರಳಲಿಲ್ಲ. ಆ ದಶಕ ಮುಗಿಯುವಾಗಲೂ ಆಕೆ ಎರಡು ಕಾಲಲ್ಲೂ ಮಗ್ಗ ತುಳಿಯುತ್ತಿದ್ದಳು. ಆ ಗಂಟಿಗೆ ಮಾತ್ರ ಅವರು ಓದಿದ ಯಾವ ಪುಸ್ತಕದಲ್ಲೂ ಹೆಸರು ಸಿಗಲಿಲ್ಲ; ತಾವು ಮಾಡಿದ್ದು ವಿವೇಕವೋ ಬರಿಯ ಅದೃಷ್ಟವೋ ಎಂಬುದೂ ಅವರಿಗೆ ಬಗೆಹರಿಯಲಿಲ್ಲ.

ರೋಗಕ್ಕೆ ಹೆಸರಿಟ್ಟವರನ್ನು ಲೋಕ ನೆನೆಯುತ್ತದೆ. ತಮ್ಮ ಗೊಂದಲವನ್ನು ಇನ್ನೊಬ್ಬರ ದೇಹದ ಮೇಲೆ ಇಳಿಸಿ ಹಗುರಾಗದೆ, ವರ್ಷಗಟ್ಟಲೆ ತಾವೇ ಹೊತ್ತು ತಿರುಗುವ ಇಂಥವರಿಗೆ ಸಲ್ಲುವುದು ಬಹುಶಃ ನೆನಪಲ್ಲ; ಎಲ್ಲೋ ಒಂದು ಮನೆಯಲ್ಲಿ ಯಾರೋ ಮಾಮೂಲಿನಂತೆ ಎದ್ದು ಕೆಲಸಕ್ಕೆ ಕೂರುವುದು.