ಗೋಡೆಯ ಮೇಲಿಲ್ಲದ ಆಜ್ಞೆ

ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಬೆವರು ಸುರಿಸಿದ ದೊಡ್ಡಕ್ಕನಿಗೆ ನಲವತ್ತಾರನೇ ವಯಸ್ಸಿನಲ್ಲಿ ಇಂಗ್ಲಿಷ್ ಪಾಠ ಶುರುವಾಯಿತು. ಅವಳೇನು ಕೇಳಿಕೊಂಡು ಹೋದದ್ದಲ್ಲ. ಗೋಡೆ ತುಂಬ ಅಂಟಿಸಿದ ನೋಟಿಸು ಓದಲು ಬರಲಿಲ್ಲ ಎಂಬ ನೆಪ ಇನ್ನು ಮುಂದೆ ಯಾರ ಬಾಯಲ್ಲೂ ಬರಬಾರದೆಂದು ಕಂಪನಿಯೇ ವಾರಕ್ಕೆರಡು ಮಧ್ಯಾಹ್ನ ಒಬ್ಬ ಟೀಚರನ್ನು ಕಳಿಸುತ್ತಿತ್ತು. ಊಟವಾದ ಮೇಲೆ, ಮಡಿಸಿಟ್ಟ ಬೆಡ್‌ಶೀಟುಗಳ ರಾಶಿಯ ಪಕ್ಕ, ಒಂಬತ್ತು ಹೆಂಗಸರು ನೋಟ್‌ಬುಕ್ಕು ಹಿಡಿದು ಕೂರುತ್ತಿದ್ದರು. ಎಲ್ಲರಿಗಿಂತ ಹಳಬಳಾದ್ದರಿಂದ ಅವಳು ಎಲ್ಲರಿಗೂ ದೊಡ್ಡಕ್ಕ. ಸೂಪರ್‌ವೈಸರ್ ಮಾಡಬೇಕಾದ ಕೆಲಸವನ್ನೆಲ್ಲ ಅವಳೇ ಮಾಡುತ್ತಿದ್ದಳು. ಹುದ್ದೆ ಮಾತ್ರ ಅವಳದಲ್ಲ.

ಆ ವಾರದ ಪಾಠ ಮಸ್ಟ್, ಹ್ಯಾವ್ ಟು, ಶುಡ್.

"ಮಸ್ಟ್ ಅಂದ್ರೆ ಮಾಡಲೇಬೇಕು, ಮಾತಾಡೋರೇ ಒತ್ತಿ ಹೇಳೋದು," ಎಂದರು ಟೀಚರು. "ಹ್ಯಾವ್ ಟು ಅಂದ್ರೆ ಹೊರಗಿಂದ ಬಂದ ಬಲವಂತ, ಬೇರೆ ದಾರಿ ಇಲ್ಲ. ಶುಡ್ ಅಂದ್ರೆ ಮಾಡಿದ್ರೆ ಒಳ್ಳೇದು. ಆದ್ರೆ ಶುಡ್ ಹ್ಯಾವ್ ಅಂತ ಬಂದ್ರೆ ಹುಷಾರಾಗಿರಿ. ಮಾಡಬೇಕಿತ್ತು, ಮಾಡಲಿಲ್ಲ ಅಂತ. ತಪ್ಪು ಯಾರ ತಲೆಗೆ ಕಟ್ಟಬೇಕು ಅಂತ ಹುಡುಕುವಾಗ ಜನ ಇದನ್ನೇ ಬಳಸೋದು."

"ನಮಗೆ ಒಂದು ಬೇಕು ಸಾಕಾಗಿತ್ತಲ್ಲ ಟೀಚರ್, ಇವರಿಗ್ಯಾಕೆ ಇಷ್ಟೊಂದು?" ಎಂದು ಮಡಿಸುವ ವಿಭಾಗದವಳು ಗೊಣಗಿದಳು.

ಸ್ವಂತ ವಾಕ್ಯ ಬರೆಯಿರಿ ಎಂದರೆ ಅವಳೇ ಬರೆದದ್ದು, ಮೈ ಹಸ್ಬೆಂಡ್ ಮಸ್ಟ್ ಕುಕ್. ಟೀಚರು ಕನ್ನಡಕ ಸರಿಮಾಡಿಕೊಂಡು, "ಗ್ರಾಮರ್ ಸರಿಯಿದೆ," ಎಂದರು. "ಗ್ರಾಮರ್ ಸರಿಯಿದೆ, ಗಂಡನೇ ಸರಿಯಿಲ್ಲ," ಎಂದಳು ಅವಳು. ನಗು ಹಬೆಯ ಪೈಪಿನ ಸದ್ದನ್ನೂ ಮೀರಿ ಕೇಳಿತು. ದೊಡ್ಡಕ್ಕ ಮಾತ್ರ ನಗಲಿಲ್ಲ. ಅವಳ ಪುಟದಲ್ಲಿ ಒಂದಕ್ಷರವೂ ಬಿದ್ದಿರಲಿಲ್ಲ.

ಯಾಕೆಂದರೆ ಅವಳ ನಾದಿನಿಯ ಜಾಗ ಮೂರು ವಾರದಿಂದ ಖಾಲಿಯಿತ್ತು. ಗಂಡನ ತಂಗಿಯನ್ನು ಈ ಕೆಲಸಕ್ಕೆ ಸೇರಿಸಿದವಳೂ ದೊಡ್ಡಕ್ಕನೇ. ಈಗ ಅವಳು ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿಕೊಂಡು ಮನೆಯಲ್ಲಿ ಕೂತಿದ್ದಳು.

ಹಬೆಯ ಇಸ್ತ್ರಿ ಮಷೀನಿಗೆ ಸಿಕ್ಕ ಕೈ ಅದು. ಆ ಮಷೀನಿಗೆ ಎರಡು ಬಟನ್, ಒಂದು ಎಡತುದಿಗೆ, ಇನ್ನೊಂದು ಬಲತುದಿಗೆ. ಎರಡನ್ನೂ ಒಟ್ಟಿಗೆ ಒತ್ತಿದರೇ ಕಾದ ಮುಚ್ಚಳ ಕೆಳಗಿಳಿಯುವುದು. ಎರಡೂ ಕೈ ಬಟನ್ ಮೇಲಿದ್ದರೆ ಒಳಗೆ ಸಿಕ್ಕಿಕೊಳ್ಳಲು ಕೈಯೇ ಇರುವುದಿಲ್ಲ, ಅಷ್ಟು ಸರಳ. ಆದರೆ ಹಾಗೆ ಮಾಡಿದರೆ ಗಂಟೆಗೆ ನಲವತ್ತು ದಿಂಬಿನ ಕವರು. ಒಂದು ಬಟನ್ನನ್ನು ಬಟ್ಟೆಪಟ್ಟಿಯಿಂದ ಬಿಗಿದು ಕಟ್ಟಿಬಿಟ್ಟರೆ, ಒಂದು ಕೈ ಒತ್ತುತ್ತದೆ, ಇನ್ನೊಂದು ಕೈ ಮೂಲೆ ಸರಿಮಾಡುತ್ತದೆ, ಎಪ್ಪತ್ತಾಗುತ್ತದೆ. ಬೆಳಿಗ್ಗೆ ಮೊದಲು ಬಂದವರು ಹಳೇ ಬೆಡ್‌ಶೀಟಿನಿಂದ ಪಟ್ಟಿ ಹರಿದು ನಾಲ್ಕೂ ಮಷೀನಿಗೆ ಕಟ್ಟಬೇಕೆಂಬುದು ಅಲ್ಲಿನ ರೂಢಿ. ಮೊದಲು ಬರುವವಳು ಯಾವಾಗಲೂ ದೊಡ್ಡಕ್ಕ.

ಗೋಡೆಯ ಮೇಲೆ ಇಪ್ಪತ್ತಮೂರು ನೋಟಿಸಿದ್ದವು. ಶೂ ಹಾಕಲೇಬೇಕು, ಕೂದಲು ಕಟ್ಟಲೇಬೇಕು, ಮಾತಾಡಕೂಡದು. ಬಟನ್ ಕಟ್ಟಿ ಎಂದು ಒಂದರಲ್ಲೂ ಇರಲಿಲ್ಲ. ಅದನ್ನು ಮ್ಯಾನೇಜರ್ ಬಾಯಲ್ಲಿ ಹೇಳುತ್ತಿದ್ದ, ಅದೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ: "ಕಟ್ಟಿದ್ರೆ ಒಳ್ಳೇದಲ್ವಾ, ದೊಡ್ಡಕ್ಕ?" ಕಟ್ಟಿದ್ದನ್ನು ಬಿಚ್ಚಿದ ಒಬ್ಬಳು ತಿಂಗಳು ತುಂಬುವುದರೊಳಗೆ ಕೆಲಸ ಕಳಕೊಂಡಿದ್ದಳು. ಗೋಡೆಯ ಮೇಲಿನ ನೋಟಿಸನ್ನು ಯಾರೂ ಓದುತ್ತಿರಲಿಲ್ಲ; ಈ ಒಂದು ಮಾತನ್ನು ಯಾರೂ ಮೀರುತ್ತಿರಲಿಲ್ಲ.

ನಾದಿನಿಯ ಕೈ ಸಿಕ್ಕಿಕೊಂಡ ದಿನ ಮ್ಯಾನೇಜರ್ ಓಡಿಬಂದ. ಕೈಯಲ್ಲಿ ಕತ್ತರಿಯಿತ್ತು. ನಾದಿನಿ ಕಿರುಚುತ್ತಿರುವಾಗ ಅವನು ಮೊದಲು ಆ ಪಟ್ಟಿ ಕತ್ತರಿಸಿ ಜೇಬಿಗೆ ಹಾಕಿಕೊಂಡ. ಆಸ್ಪತ್ರೆಗೆ ಕಾರು ಕರೆದದ್ದು ಆಮೇಲೆ. ಇದನ್ನು ದೊಡ್ಡಕ್ಕ ಕಣ್ಣಾರೆ ನೋಡಿದ್ದಳು. ಆದರೂ ಮಾರನೇ ಬೆಳಿಗ್ಗೆ ಅವನು "ಒಳ್ಳೇದಲ್ವಾ?" ಎಂದಾಗ ಅವಳು ಹೊಸ ಪಟ್ಟಿ ಹರಿದು ನಾಲ್ಕೂ ಮಷೀನಿಗೆ ಕಟ್ಟಿದಳು. ಆ ನಾಚಿಕೆಯನ್ನು ಮೂರು ವಾರದಿಂದ ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ಮನೆಯಲ್ಲಿ ನಾದಿನಿಗೆ ತಲೆ ಬಾಚುವಾಗಲೂ ಬಾಯಿಬಿಟ್ಟಿರಲಿಲ್ಲ.

ಪಾಠ ಮುಗಿಯುವ ಹೊತ್ತಿಗೆ ಮೇಲಿನಿಂದ ಕರೆ ಬಂತು. ಮ್ಯಾನೇಜರ್ ಕುರ್ಚಿ ಎಳೆದು ಕೊಟ್ಟ. ಹನ್ನೊಂದು ವರ್ಷದಲ್ಲಿ ಆ ಕುರ್ಚಿ ಅವಳ ಕಡೆ ತಿರುಗಿದ್ದು ಅದೇ ಮೊದಲು, ಅವಳಿಗೆ ಆಗಲೇ ಅನುಮಾನ ಬಂತು. ಮೇಜಿನ ಮೇಲೆ ಎರಡು ಕಾಗದ.

"ಇದು ನಿಮ್ಮ ಸೂಪರ್‌ವೈಸರ್ ಆರ್ಡರ್. ಇದು ಆವತ್ತಿನ ಅಪಘಾತದ ರಿಪೋರ್ಟು, ಸಾಕ್ಷಿ ಅಂತ ಇಲ್ಲೊಂದು ಸಹಿ ಹಾಕಿಬಿಡಿ. ಬರೀ ಫಾರ್ಮಾಲಿಟಿ."

ದೊಡ್ಡಕ್ಕ ರಿಪೋರ್ಟು ಎತ್ತಿಕೊಂಡಳು.

"ಅಯ್ಯೋ, ಓದೋ ಕಷ್ಟ ಯಾಕೆ? ನಾನೇ ಹೇಳ್ತೀನಲ್ಲ."

"ಓದೋಕೆ ಅಂತಾನೇ ತಾನೇ ಸರ್ ಟೀಚರ್‌ನ ಇಟ್ಟಿರೋದು?"

ಬೆರಳಿಟ್ಟು ಒಂದೊಂದೇ ಪದ ಓದಿದಳು. ಹತ್ತು ನಿಮಿಷ ಹಿಡಿಯಿತು. ಅರ್ಧ ಅರ್ಥವಾಗಲಿಲ್ಲ, ಆದರೆ ಬೇಕಾದದ್ದು ಅರ್ಥವಾಯಿತು. ಕೆಲಸಗಾರ್ತಿ ಎರಡೂ ಕೈಗಳನ್ನು ಬಟನ್ ಮೇಲೆ ಇಟ್ಟಿರಬೇಕಿತ್ತು ಎಂದಿತ್ತು. ಟೀಚರು ಹುಷಾರು ಎಂದ ಅದೇ ಶುಡ್ ಹ್ಯಾವ್ ನಾಲ್ಕು ಕಡೆ ಇತ್ತು, ನಾಲ್ಕೂ ಕಡೆ ನಾದಿನಿಯ ಹೆಸರಿನ ಪಕ್ಕದಲ್ಲೇ. ಪಟ್ಟಿಯ ಸುದ್ದಿಯೇ ಇರಲಿಲ್ಲ. ಇದಕ್ಕೆ ಸಹಿ ಬಿದ್ದರೆ ತಪ್ಪೆಲ್ಲ ನಾದಿನಿಯದು. ಚಿಕಿತ್ಸೆಯ ಹಣವೂ ಇಲ್ಲ, ಕೆಲಸವೂ ಇಲ್ಲ.

"ಎರಡನೇ ಬಟನ್ ಕಟ್ಟಿತ್ತಲ್ಲ ಸರ್. ಅದು ಇದರಲ್ಲಿ ಇಲ್ವಲ್ಲ?"

"ಕಟ್ಟೋಕೆ ಯಾರು ಹೇಳಿದ್ರು? ಯಾವ ನೋಟಿಸಲ್ಲಿದೆ, ತೋರಿಸಿ ನೋಡೋಣ."

"ನೀವು ಹೇಳಿದ್ರಿ."

ಮ್ಯಾನೇಜರ್ ನಕ್ಕ. ಧ್ವನಿ ಇಳಿಸಿದ. "ಕಟ್ಟಿದ ಕೈ ಯಾರದು ದೊಡ್ಡಕ್ಕ? ಯೋಚನೆ ಮಾಡಿ. ಕೆದಕಿದ್ರೆ ಮೊದಲು ಸಿಕ್ಕಿಬೀಳೋದು ನೀವೇ. ನಿಮ್ಮ ನಾದಿನಿಗೆ ಏನಂತ ಹೇಳ್ತೀರಿ?"

ಮೂರು ವಾರ ಅವಳ ನಿದ್ದೆ ಕೆಡಿಸಿದ್ದು ಇದೇ ಮಾತು. ತನ್ನೊಳಗೇ ಇದ್ದಾಗ ಅದು ಬೆಟ್ಟದಷ್ಟಿತ್ತು. ಈ ಮನುಷ್ಯನ ಬಾಯಿಂದ ಕೇಳಿದ ಕ್ಷಣ ಅವಳಿಗೆ ಭಯ ಹೋಗಿ ಮೈಯೆಲ್ಲ ಉರಿಯಿತು. ಕತ್ತರಿ ಹಿಡಿದು ಬಂದವನು ತನಗೆ ನಾದಿನಿಯ ನೆನಪು ಮಾಡುತ್ತಿದ್ದಾನೆ!

ಅವಳು ಅವನ ಪೆನ್ನನ್ನೇ ತೆಗೆದುಕೊಂಡು, ಸಹಿಯ ಜಾಗದ ಕೆಳಗೆ ಇಂಗ್ಲಿಷಿನಲ್ಲಿ ಬರೆಯತೊಡಗಿದಳು. ಕಾಗುಣಿತ ದೇವರಿಗೇ ಪ್ರೀತಿ. ಬಟನ್ ಕಟ್ಟಿದವಳು ನಾನು. ದಿನಾ ಕಟ್ಟುತ್ತೇನೆ. ಕಟ್ಟಲೇಬೇಕಾದ ಹಾಗೆ ಮಾಡಿದವರು ಮ್ಯಾನೇಜರ್. ಅಪಘಾತವಾದಾಗ ಪಟ್ಟಿ ಕತ್ತರಿಸಿ ಜೇಬಿಗೆ ಹಾಕಿಕೊಂಡವರೂ ಅವರೇ. ಇಷ್ಟು ಬರೆದು, ಅದರ ಕೆಳಗೆ ದೊಡ್ಡದಾಗಿ ಸಹಿ ಹಾಕಿ, ಫೋನು ತೆಗೆದು ಫೋಟೋ ಹೊಡೆದುಕೊಂಡಳು.

"ಸಹಿ ಕೇಳಿದ್ರಲ್ಲ, ಹಾಕಿದ್ದೀನಿ. ಆ ಇನ್ನೊಂದು ಕಾಗದ ನೀವೇ ಇಟ್ಕೊಳ್ಳಿ."

ಕೆಳಗಿಳಿದವಳೇ ಮೊದಲ ಮಷೀನಿನ ಪಟ್ಟಿ ಬಿಚ್ಚಿದಳು. ಎರಡನೆಯದು ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಎಳೆದಳು. ಹಿಂದೆಯೇ ಓಡಿಬಂದ ಮ್ಯಾನೇಜರ್, "ಸಂಜೆ ನಾಲ್ಕರೊಳಗೆ ಮುನ್ನೂರು ಕವರು ಮೇಲೆ ಹೋಗಬೇಕು!" ಎಂದು ಕೂಗಿದ.

"ಹೋಗಬೇಕಾದ್ರೆ ನೀವೇ ಕಟ್ಟಿ ಸರ್. ಎಲ್ಲರ ಎದುರಿಗೆ, ನಿಮ್ಮ ಕೈಯಾರೆ ಕಟ್ಟಿ. ನಾವು ನೋಡ್ತೀವಿ."

ಅವನು ಕಟ್ಟಲಿಲ್ಲ. ಎಂಟು ಹೆಂಗಸರು ಕೆಲಸ ಬಿಟ್ಟು ಅವನ ಕೈಯನ್ನೇ ನೋಡುತ್ತಿದ್ದರು. ಮಡಿಸುವ ವಿಭಾಗದವಳು ಹೋಗಿ ಮೂರನೆಯದನ್ನೂ ನಾಲ್ಕನೆಯದನ್ನೂ ಬಿಚ್ಚಿದಳು. ಸಂಜೆಯ ಹೊತ್ತಿಗೆ ದೊಡ್ಡಕ್ಕನಿಗೆ ನಾಳೆಯಿಂದ ಬರಬೇಡ ಎಂದರು. ಅದನ್ನೂ ಬಾಯಲ್ಲೇ ಹೇಳಿದರು. ಕಾಗದದಲ್ಲಿ ಬರೆದುಕೊಡಿ ಎಂದು ಅವಳು ಗೇಟಿನಲ್ಲಿ ಅರ್ಧ ಗಂಟೆ ಕೂತು, ಬರೆಸಿಕೊಂಡೇ ಎದ್ದಳು.

ಮನೆಯಲ್ಲಿ ನಾದಿನಿ ಎಡಗೈಯಿಂದ ಸೊಪ್ಪು ಬಿಡಿಸುತ್ತಿದ್ದಳು. ದೊಡ್ಡಕ್ಕ ಎದುರು ಕೂತಳು. ನೀರು ಕೂಡ ಕುಡಿಯಲಿಲ್ಲ.

"ಆವತ್ತು ಬಟನ್ ಕಟ್ಟಿದ್ದು ನಾನೇ ಕಣೇ."

"ಗೊತ್ತು ಅತ್ತಿಗೆ. ದಿನಾ ಕಟ್ತಿದ್ರಿ. ನಾನೂ ಅದರಲ್ಲೇ ಕೆಲಸ ಮಾಡ್ತಿದ್ದೆ."

"ಮಾರನೇ ದಿನಾನೂ ಕಟ್ಟಿದೆ."

ನಾದಿನಿಯ ಎಡಗೈ ನಿಂತಿತು. "ಅದೂ ಗೊತ್ತು. ಲಾಂಡ್ರಿಯವರು ಆವತ್ತು ಸಂಜೆನೇ ಬಂದು ಹೇಳಿದ್ರು. ಮೊದಲಿನದಕ್ಕೆ ನಂಗೆ ಸಿಟ್ಟಿಲ್ಲ. ಇದಕ್ಕಿದೆ."

ದೊಡ್ಡಕ್ಕ ತಲೆ ತಗ್ಗಿಸಲಿಲ್ಲ. ಗೇಟಿನಲ್ಲಿ ಬರೆಸಿಕೊಂಡ ಕಾಗದ, ಫೋನಿನಲ್ಲಿದ್ದ ಫೋಟೋ ಎರಡನ್ನೂ ಅವಳ ಮುಂದಿಟ್ಟಳು. ನಾದಿನಿ ಸೊಪ್ಪು ಪಕ್ಕಕ್ಕಿಟ್ಟು ಎರಡನ್ನೂ ನೋಡಿದಳು.

"ಕಾರ್ಮಿಕರ ಆಫೀಸು ಎಷ್ಟು ಗಂಟೆಗೆ ತೆಗೀತಾರೆ?"

"ಹತ್ತಕ್ಕೆ."

"ಒಂಬತ್ತೂವರೆಗೇ ಹೋಗಿ ಬಾಗಿಲಲ್ಲಿ ಕೂರೋಣ. ನಿಮ್ಮ ಮೇಲಿನ ಸಿಟ್ಟು ಇಲ್ಲೇ ಮನೇಲಿರಲಿ ಅತ್ತಿಗೆ, ಅದನ್ನ ನಾವು ನಾವೇ ಜಗಳ ಆಡಿ ತೀರಿಸ್ಕೊಳ್ಳೋಣ," ಎಂದು ನಾದಿನಿ ಬ್ಯಾಂಡೇಜಿನ ಕೈ ಎತ್ತಿದಳು. "ಇದನ್ನ ಅಲ್ಲಿ ತೋರಿಸ್ತೀನಿ."