ಲಾಲ್‌ಸಾಬರು ಬದುಕಿಸಿದ ಹೀರೋಗಳು

ಮೆಹನಾಜ್ ವಿಮರ್ಶೆ ಬರೆಯಲು ಕೂತಳೆಂದರೆ ಸಿನಿಮಾ ನಿರ್ದೇಶಕರಿಗೆ ಮೈ ಬೆವರುತ್ತಿತ್ತು. ಪತ್ರಿಕೆಯ ಅಂಕಣದಲ್ಲಿ ಅವಳು ಯಾರ ಮುಲಾಜಿಗೂ ಒಳಗಾದವಳಲ್ಲ. ಸಾಕ್ಷ್ಯಚಿತ್ರಗಳ ವಿಷಯದಲ್ಲಂತೂ ಕೇಳುವುದೇ ಬೇಡ. ‘ಕ್ಯಾಮೆರಾಕ್ಕೆ ಸಿಕ್ಕ ಸತ್ಯವನ್ನು ಕತ್ತರಿಸುವವರು ಟೇಲರ್ ಅಂಗಡಿ ಇಡಲಿ’ ಎಂದು ಒಮ್ಮೆ ಬರೆದಿದ್ದಳು. ಮಸ್ಕಿಯಲ್ಲಿ ಟೇಲರ್ ಅಂಗಡಿ ಇಟ್ಟಿದ್ದ ಅವಳ ಅಪ್ಪ ಲಾಲ್‌ಸಾಬರು ಅದನ್ನು ಓದಿ, “ನಮ್ಮ ಧಂದೆಗ್ಯಾಕ ಬೈತೀಯವ್ವಾ?” ಎಂದು ನಕ್ಕಿದ್ದರು.

ಅವಳಿಗೆ ಸಿನಿಮಾ ಹುಚ್ಚು ಹತ್ತಿಸಿದವರೂ ಅವರೇ. ಬಟ್ಟೆ ತರಲು ಸಿಂಧನೂರಿಗೆ ಹೋದಾಗಲೆಲ್ಲ ಟಾಕೀಸಿಗೆ ನುಗ್ಗುವರು, ಮನೆಗೆ ಬಂದು ಹೆಂಡತಿ ಶಂಶಾದ್‌ಬೀಗೆ ಇಡೀ ಸಿನಿಮಾ ಹೇಳುವರು. ಫೈಟಿಂಗ್ ಬಂದರೆ ಎದ್ದು ನಿಲ್ಲಬೇಕು, ಹಾಡು ಬಂದರೆ ಹೊಲಿಗೆ ಮಷೀನಿನ ಮೇಲೆ ತಾಳ ಹಾಕಬೇಕು. ಶಂಶಾದ್‌ಬೀ ರೊಟ್ಟಿ ಬಡಿಯುತ್ತ “ಆಮ್ಯಾಲ?” ಎನ್ನುವರು. ಮೆಹನಾಜ್ ಬೆಳೆದದ್ದೇ ಆ “ಆಮ್ಯಾಲ”ಗಳ ನಡುವೆ.

ಈಗ ಅವಳು ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಹಳೆಯ ಟಾಕೀಸುಗಳ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಎಲ್ಲರ ಚಿತ್ರಗಳನ್ನೂ ಜಾಲಾಡಿದವಳು ತಾನೇನು ಮಾಡುತ್ತಾಳೋ ನೋಡೋಣ ಎಂದು ಕಾದು ಕೂತವರು ಬಹಳ. ಅಪ್ಪನನ್ನು ಅಂಗಡಿಯಲ್ಲಿ ಕ್ಯಾಮೆರಾದ ಮುಂದೆ ಕೂರಿಸಿದಾಗ ಅವರು ಮಾತಿನ ಭರದಲ್ಲಿ ಬಾಯಿಬಿಟ್ಟರು.

“ನಮ್ಮ ಚೊಚ್ಚಲ ಕೂಸು ತೀರಿಕೊಂಡ ವರ್ಷ, ಸಿನಿಮಾದಾಗ ಒಂದು ಕೂಸು ಸತ್ತಿದ್ದು ಹೇಳಿಬಿಟ್ಟೆ. ನಿಮ್ಮಮ್ಮಿ ಎರಡು ದಿನ ಉಣ್ಲಿಲ್ಲ. ಅವತ್ತಿಂದ ನಾ ಹೇಳೋ ಕಥ್ಯಾಗ ಯಾರನ್ನೂ ಸಾಯಾಕ ಬಿಟ್ಟಿಲ್ಲ. ಗುಂಡು ಭುಜಕ್ಕ ಬಡೀತಿತ್ತು, ಡಾಕ್ಟರ್ ಬಂದೇ ಬರ್ತಿದ್ದ!”

ಕ್ಯಾಮೆರಾ ನಿಂತ ಮೇಲೆ ಅವರ ಮುಖ ಸಣ್ಣಗಾಯಿತು. “ಅದನ್ನ ತೆಗೆದುಬಿಡು ಬೇಟಿ. ಇಷ್ಟು ವರ್ಷ ಗಂಡ ಸುಳ್ಳು ಹೇಳ್ಯಾನ ಅಂತ ಆಕೀಗಿ ಗೊತ್ತಾದ್ರ ನಾ ಹ್ಯಾಂಗ ಮಾರಿ ತೋರಿಸ್ಲಿ?”

“ಚಿತ್ರದ ಜೀವಾನೇ ಇದು ಮೇಡಂ, ಇದನ್ನ ತೆಗೆದ್ರ ಉಳಿಯೋದು ಬರೇ ಮುರುಕ ಕುರ್ಚಿ” ಎಂದ ಎಡಿಟರ್ ನಾಸೀರ್. ಅವನು ಹೇಳಿದ್ದು ನಿಜ. ಬೇರೆ ಯಾರಾದರೂ ಹೀಗೆ ಕತ್ತರಿಸಿದ್ದರೆ ಮೆಹನಾಜ್ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಆದರೆ ಕಣ್ಣು ಮುಚ್ಚಿದರೆ ಅಪ್ಪನ ಆ ಮುಖವೇ ಎದುರು ಬರುತ್ತಿತ್ತು. ಕೊನೆಗೆ ತಾನೇ ಕೂತು ಆ ದೃಶ್ಯವನ್ನು ತೆಗೆದಳು. ನಾಸೀರ್ ಅವತ್ತು ಅವಳೊಡನೆ ಚಹಾ ಕೂಡ ಕುಡಿಯಲಿಲ್ಲ.

ಮೊದಲ ಪ್ರದರ್ಶನ ಮಸ್ಕಿಯ ಮನೆಯ ಟಿವಿಯಲ್ಲೇ. ಮುಗಿದ ಮೇಲೆ ಲಾಲ್‌ಸಾಬರು ನೆಮ್ಮದಿಯ ಉಸಿರು ಬಿಟ್ಟು ನಮಾಜಿಗೆ ಹೊರಟರು. ಶಂಶಾದ್‌ಬೀ ಮಗಳನ್ನು ಹತ್ತಿರ ಕರೆದರು.

“ಎಲ್ಲಾ ಛಲೋ ಐತಿ. ಆದ್ರ ನಿಮ್ಮಬ್ಬಾ ಸತ್ತವರನ್ನ ಬದುಕಿಸ್ತಿದ್ದದ್ದು ಎಲ್ಲಿ?”

“ಅಮ್ಮಿ! ನಿನಗ ಗೊತ್ತಿತ್ತೇನು?”

“ಸಿಂಧನೂರಾಗ ಆಡಿದ ಸಿನಿಮಾ ನಾಲ್ಕಾರು ತಿಂಗಳಿಗಿ ಲಿಂಗಸುಗೂರಿಗಿ ಬರ್ತಿತ್ತು. ಅಲ್ಲಿ ತವರಿಗಿ ಹೋದಾಗ ಭಾಬಿ ಜೋಡಿ ಮ್ಯಾಟ್ನಿಗಿ ಹೋಗ್ತಿದ್ದೆ. ಅಲ್ಲಿ ಎಲ್ಲಾರೂ ಸಾಯ್ತಿದ್ರು. ಅತ್ತು ಅತ್ತು ಬರ್ತಿದ್ದೆ. ನಿಮ್ಮಬ್ಬಾ ಹೇಳೋದ ಛಲೋ ಇರ್ತಿತ್ತು.” ಮಗಳ ಕೈ ಹಿಡಿದರು. “ನನಗ ಗೊತ್ತೈತಿ ಅಂತ ಹೇಳಬ್ಯಾಡ. ಪಾಪ, ಅಷ್ಟು ಕಷ್ಟಪಟ್ಟು ಬದುಕಿಸ್ಯಾರ.”

ಮೆಹನಾಜ್‌ಳ ಕಣ್ಣು ತುಂಬಿತು. ಇನ್ನು ಆ ದೃಶ್ಯ ಮರಳಿ ಸೇರುವ ಮಾತೇ ಇರಲಿಲ್ಲ.

ಚಿತ್ರ ಹೊರಬಂತು. ವಸೀಮಾ ಎಂಬ ಹೊಸ ವಿಮರ್ಶಕಿ ಪತ್ರಿಕೆಯಲ್ಲಿ ಹಳೆಯ ಟಾಕೀಸುಗಳ ದೃಶ್ಯಗಳನ್ನು ಹೊಗಳಿ, ಕೊನೆಗೆ ಝಾಡಿಸಿದಳು: ‘ಏನನ್ನೋ ಹೇಳಲು ಹೋಗಿ ನಿರ್ದೇಶಕಿ ಹೆದರಿದ್ದಾರೆ. ಅವರೇ ಒಂದು ಟೇಲರ್ ಅಂಗಡಿ ಇಡಬಹುದು.’ ಆಗ ಊರಲ್ಲೇ ಇದ್ದ ಮೆಹನಾಜ್, ಕನ್ನಡ ಓದಲು ಬಾರದ ಅಮ್ಮನಿಗೆ ಬೆಳಿಗ್ಗೆ ಅಪ್ಪ ಅಂಗಡಿಗೆ ಹೋದ ಮೇಲೆ ಅದನ್ನು ಓದಿ ಹೇಳಿದಳು. ಹುಡುಗಿ ಸರಿಯಾಗಿಯೇ ಹಿಡಿದಿದ್ದಾಳೆ ಎಂದು ಅವಳಿಗೆ ಒಳಗೊಳಗೇ ಖುಷಿಯೂ ಆಗಿತ್ತು.

ಮಧ್ಯಾಹ್ನ ಲಾಲ್‌ಸಾಬರು ಅದೇ ಪತ್ರಿಕೆ ಹಿಡಿದು ಊಟಕ್ಕೆ ಬಂದರು. ಹೆಂಡತಿಯ ಎದುರು ಕೂತು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದತೊಡಗಿದರು. ಮೊದಲ ಸಾಲುಗಳು ಇದ್ದಂತೆಯೇ ಬಂದವು. ಕೊನೆಯ ಬೈಗುಳ ಹತ್ತಿರ ಬಂದಾಗ ಒಮ್ಮೆ ಕೆಮ್ಮಿದರು.

“‘ಇಂಥಾ ಸಿನಿಮಾ ಈ ಸೀಮ್ಯಾಗ ಯಾರೂ ಮಾಡಿಲ್ಲ’ ಅಂತ ಬರ್ದಾರ ನೋಡು!”

ಬಾಗಿಲಲ್ಲಿ ನಿಂತಿದ್ದ ಮೆಹನಾಜ್ ಅಮ್ಮನ ಕಡೆ ನೋಡಿದಳು. ಶಂಶಾದ್‌ಬೀ ಮಗಳ ಕಡೆ ನೋಡಲೇ ಇಲ್ಲ. ರೊಟ್ಟಿಯ ತಾಟನ್ನು ಗಂಡನ ಮುಂದೆ ಸರಿಸಿ ಕೇಳಿದರು:

“ಆಮ್ಯಾಲ?”